ಐದು ದನಿಗಳ ಹಾಡು: ಆರನೇ ವಾರದ ಹೊತ್ತಿಗೆ

1950ರ ದಶಕದ ಅಮೆರಿಕದ ಐವರು ಹುಡುಗರ ತಂಡ, ಫ್ರಾಂಕಿ ಲೈಮನ್ ಮತ್ತು ಟೀನೇಜರ್ಸ್. ಅವರ ‘ವೈ ಡು ಫೂಲ್ಸ್ ಫಾಲ್ ಇನ್ ಲವ್’ ಹಾಡಿನ ಐದೂ ದನಿಗಳನ್ನು ಒಬ್ಬನೇ ಹಾಡಿ, ಫೋನಿನಲ್ಲಿ ಒಂದರ ಮೇಲೊಂದು ಕೂಡಿಸುವ ಕೆಲಸಕ್ಕೆ ಕೈ ಹಾಕಿ ಆರು ವಾರ ಆಯ್ತು. ಇವತ್ತಿಗೆ ನಾಲ್ಕು ದನಿ ಮುಗಿದಿವೆ.

ಮೊದಲ ಎರಡು ವಾರ ಬೇಸ್‌ಗೇ, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿಗೇ ಹೋಯ್ತು. ಹಾಡು ಶುರುವಾಗುವುದೇ ಅದರಿಂದ. ತಂಡದ ಶರ್ಮನ್ ಗಾರ್ನ್ಸ್ ಒಬ್ಬನೇ, ಅರ್ಥವಿಲ್ಲದ ಅಕ್ಷರಗಳನ್ನು ಮಂದ್ರದಲ್ಲಿ ಉರುಳಿಸಿಕೊಂಡು ಬರುತ್ತಾನೆ. ನಾನು ಬಾಯಿ ಅಗಲಿಸಿ ‘ಡಾ’ ಅಂತಿದ್ದೆ, ಎಳೆದಂತೆ ಕೇಳಿಸ್ತಿತ್ತು. ‘ಡ’ಗೆ ನಾಲಿಗೆ ತಾಗಿದ ಕೂಡಲೇ ತುಟಿ ಮುಚ್ಚಬೇಕು, ಸ್ವರ ಆ ‘ಮ್‌’ನಲ್ಲೇ ನಿಲ್ಲಬೇಕು. ಅದು ತಿಳಿದ ದಿನ ತಾಳ ತಾನಾಗಿ ಕೂತಿತು.

ಮೂರನೇ ವಾರ ಕೋಣೆ ಬಿಟ್ಟು ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ಹೋದೆ. ಈ ಹುಡುಗರು ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್‌ನವರು. ಆಗಿನ ಇಂಥ ತಂಡಗಳು ಬೀದಿ ಮೂಲೆಯಲ್ಲಿ, ಮೆಟ್ಟಿಲ ಸಂದಿಯಲ್ಲಿ ಹಾಡಿಯೇ ಬೆಳೆದವು. ಗೋಡೆಯೇ ದನಿಯನ್ನು ತಿರುಗಿ ಕೊಡುತ್ತೆ, ಅಲ್ವಾ! ಬೆಳಿಗ್ಗೆ ಆರಕ್ಕೆ ಹಾಡ್ತಿದ್ದಾಗ ಎರಡನೇ ಮಹಡಿಯ ಅಜ್ಜಿ ಹಾಲಿನ ಪ್ಯಾಕೆಟ್ ಹಿಡಿದು ಪೂರ್ತಿ ಕೇಳಿದರು. “ಇದ್ಯಾವ ಭಜನೆ ಮಗಾ?” ಅಂದರು.

ಆಮೇಲೆ ಜೋ ನೆಗ್ರೋನಿಯ ಬ್ಯಾರಿಟೋನ್ (ನಡುವಿನ ದನಿ), ಹರ್ಮನ್ ಸ್ಯಾಂಟಿಯಾಗೊ ಮತ್ತು ಜಿಮ್ಮಿ ಮರ್ಚೆಂಟ್‌ರ ಟೆನರ್ (ಅದಕ್ಕಿಂತ ಎತ್ತರದ) ದನಿಗಳು. ಈ ಇಬ್ಬರು ಹಾಡು ಬರೆದವರು ತಾವೇ ಎಂದು ಕೋರ್ಟಿಗೆ ಹೋದರು. 1992ರಲ್ಲಿ ಗೆದ್ದರು. 1996ರಲ್ಲಿ ಮೇಲಿನ ಕೋರ್ಟ್, ದಾವೆ ಹೂಡಿದ್ದು ತಡವಾಯಿತು ಎಂದು ಆ ತೀರ್ಪು ತಳ್ಳಿಹಾಕಿತು. ಅವರ ಸಾಲುಗಳನ್ನು ದಿನವೂ ಹಾಡುವ ನನಗೆ ಇದು ನುಂಗಲಾರದ ಮಾತು.

ಈ ಭಾನುವಾರ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಉಳಿದವನ್ನು ಹಾಡುವಾಗ ದಾರಿ ತೋರಲಿ ಅಂತ ಫ್ರಾಂಕಿಯ ಮುಖ್ಯ ದನಿಯನ್ನು ಕಚ್ಚಾ ಹಾಡಿಟ್ಟಿದ್ದೆ, ಅದನ್ನು ಬಂದ್ ಮಾಡಿದೆ. ಉಳಿದ ನಾಲ್ಕು ದನಿ ಯಾರಿಗೋ ಕಾಯುತ್ತಾ ನಿಂತಂತೆ ಕೇಳಿಸಿತು. ಆ ನಾಲ್ಕನ್ನು ಬಂದ್ ಮಾಡಿ ಮುಖ್ಯ ದನಿಯೊಂದನ್ನೇ ಬಿಟ್ಟೆ. ಅದಕ್ಕೆ ಕಾಲೂರಲು ನೆಲವೇ ಇಲ್ಲ.

1957ರಲ್ಲಿ ಆ ತಂಡಕ್ಕೆ ಆದದ್ದೂ ಇದೇ. ಹಾಡು ಬಂದದ್ದು 1956ರ ಜನವರಿಯಲ್ಲಿ, ಆಗ ಫ್ರಾಂಕಿಗೆ 13. ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅಮೆರಿಕದಲ್ಲಿ 6ನೇ ಸ್ಥಾನ, ಬ್ರಿಟನ್ನಿನಲ್ಲಿ ಮೊದಲನೆಯದು. ಮರುವರ್ಷವೇ ಅವನನ್ನು ಒಂಟಿ ಗಾಯಕನನ್ನಾಗಿ ಬೇರೆ ಮಾಡಿದರು. ತಂಡದಲ್ಲಿ ಅವನ ಜಾಗಕ್ಕೆ ಬಿಲ್ಲಿ ಲೊಬ್ರಾನೊ ಬಂದ. ಆ ಕಡೆಯೂ ಈ ಕಡೆಯೂ ಹಳೆಯ ಗೆಲುವು ಮರಳಲಿಲ್ಲ. ಫ್ರಾಂಕಿಯ ಎಳೆ ದನಿ ಒಡೆಯಿತು. 1968ರಲ್ಲಿ ಹೆರಾಯಿನ್‌ಗೆ ಸತ್ತಾಗ ಅವನಿಗೆ ಬರೀ 25.

ಆ ಮುಖ್ಯ ದನಿಗೆ ನನ್ನ ಗಂಟಲು ಆಗಲ್ಲ. ಕಳ್ಳದನಿಯಲ್ಲಿ (ಸಹಜ ಗಂಟಲು ಬಿಟ್ಟು ಮೇಲಕ್ಕೇರಿಸಿದ ದನಿಯಲ್ಲಿ) ಹಾಡಿದರೆ ತೆಳ್ಳಗಾಗುತ್ತೆ, ಬಾಲದನಿಯ ಆ ಗಟ್ಟಿತನ ಇರಲ್ಲ. ಹಾಗಾಗಿ ಒಬ್ಬನೇ ಹಾಡುವ ಯೋಚನೆ ಬಿಟ್ಟೆ. ಅಕ್ಕನ ಮಗಳಿಗೆ 12 ವರ್ಷ, ಹಾಡು ಆಗಲೇ ಬಾಯಿಪಾಠ. ಶನಿವಾರ ಬರ್ತಾಳೆ. ಅಷ್ಟರಲ್ಲಿ ಬ್ಯಾರಿಟೋನಿನ ಎರಡನೇ ಸಾಲು ಮತ್ತೆ ಹಾಡಬೇಕು, ಅಲ್ಲಿ ಶ್ರುತಿ ಸ್ವಲ್ಪ ಇಳಿದಿದೆ.