ಪುಷ್ಯ ಮಳೆ, ಕೆಂಪಿ ಮತ್ತು ಕಾಳು

ಜುಲೈ 23, 2023, ಭಾನುವಾರ
ಶಿರಸಿ

ನಮ್ಮ ನಾಯಿ ಕೆಂಪಿ ನಿನ್ನೆ ಸಂಜೆಯಿಂದ ಸೀನುತ್ತಿದ್ದಳು. ಬೆಳಿಗ್ಗೆ ನೋಡಿದರೆ ಎಡ ಹೊಳ್ಳೆಯ ಅಂಚಿನಲ್ಲಿ ರಕ್ತ ಒಣಗಿ ಅಂಟಿಕೊಂಡಿತ್ತು. ಶೀತವಾಗಿದ್ದರೆ ಎರಡೂ ಹೊಳ್ಳೆಯಿಂದ ನೀರು ಸುರಿಯಬೇಕು. ಒಂದೇ ಕಡೆ ರಕ್ತ, ಜೊತೆಗೆ ಬಿಡದ ಸೀನು ಎಂದರೆ ಮಳೆಗಾಲದಲ್ಲಿ ನಮ್ಮ ಕಡೆ ಮೊದಲು ನೆನಪಾಗುವುದು ಉಂಬಳ, ಅಂದರೆ ಜಿಗಣೆ. ತೋಟದ ಬಸಿಗಾಲುವೆಯಲ್ಲಿ ಮೂಗು ಮುಳುಗಿಸಿ ನೀರು ಕುಡಿಯುವುದು ಅವಳಿಗೆ ಇಷ್ಟ. ಅಲ್ಲಿಂದಲೇ ಸೇರಿಕೊಂಡಿರಬೇಕು.

"ನೀರು ಕೊಡಬೇಡ ತಂಗಿ, ಚೆನ್ನಾಗಿ ಬಾಯಾರಲಿ" ಎಂದರು ಮಾವ. ದನಗಳ ಮೂಗಿನಿಂದ ಉಂಬಳ ತೆಗೆದು ಪಳಗಿದ ಕೈ ಅವರದು. ಅಂಗಳದ ನೀರಿಗೆ ಬಾಯಿ ಹಾಕದಂತೆ ಕೆಂಪಿಯನ್ನು ಜಗಲಿಯ ಕಂಬಕ್ಕೆ ಕಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಇವರು ಅವಳನ್ನು ಮೊಣಕಾಲುಗಳ ನಡುವೆ ಹಿಡಿದು ಕುಳಿತರು. ನಾನು ಸ್ಟೀಲಿನ ಬೋಗುಣಿಯಲ್ಲಿ ತಣ್ಣೀರು ತಂದು ಮೂಗಿನ ಕೆಳಗೆ ಹಿಡಿದೆ, ಕುಡಿಯಲು ಬಿಡಲಿಲ್ಲ. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಹೊಳ್ಳೆಯೊಳಗಿನಿಂದ ಕಂದು ತುದಿಯೊಂದು ಇಣುಕಿತು. ಅವಳು ಉಸಿರೆಳೆದೊಡನೆ ಒಳಗೆ ಹೋಯಿತು, ಮತ್ತೆ ಬಂತು. ಪ್ರತಿ ಸಲವೂ ತುಸು ಹೆಚ್ಚು ಉದ್ದವಾಗಿ ನೀರಿನತ್ತ ಚಾಚಿಕೊಳ್ಳುತ್ತಿತ್ತು. ಮಾವ ಬೆರಳಿಗೆ ಒಣ ಹತ್ತಿಬಟ್ಟೆ ಸುತ್ತಿಕೊಂಡು ಕಾದರು. ಬರಿಗೈಗೆ ಅದು ಜಾರುತ್ತದೆ. ಸಾಕಷ್ಟು ಹೊರಬಂದಾಗ ಹಿಡಿದರು. ಜಗ್ಗಲಿಲ್ಲ, ಬಿಗಿಯನ್ನೂ ಬಿಡಲಿಲ್ಲ. ಕಚ್ಚಿದ ಬಾಯಿ ಸಡಿಲವಾದ ಮೇಲೆ ಕಿರುಬೆರಳಿನಷ್ಟು ಉದ್ದದ ಉಂಬಳ ಪೂರ್ತಿಯಾಗಿ ಕೈಗೆ ಬಂತು.

ಇಷ್ಟೆಲ್ಲ ನಡೆಯುವಾಗ ಕೆಂಪಿ ಒಂದು ಸಲವೂ ಗುರ್ರೆನ್ನಲಿಲ್ಲ. ಮೈ ನಡುಗುತ್ತಿತ್ತು, ಕಣ್ಣು ಮಾತ್ರ ನನ್ನ ಮುಖದ ಮೇಲೆಯೇ ಇತ್ತು. ಬಿಟ್ಟ ತಕ್ಷಣ ಬೋಗುಣಿಯ ನೀರನ್ನೆಲ್ಲ ಕುಡಿದು ಮುಗಿಸಿ ಮಾವನ ಕೈ ನೆಕ್ಕಿದಳು. ಆಮೇಲೂ ಸ್ವಲ್ಪ ಹೊತ್ತು ರಕ್ತ ಹನಿಯುತ್ತಲೇ ಇತ್ತು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ಹಾಗಾಗುತ್ತದೆ, ಗಾಬರಿಪಡಬೇಕಾಗಿಲ್ಲ. ಕೆಲವರು ನಾಯಿಯ ಮೂಗಿಗೆ ತಂಬಾಕಿನ ನೀರು ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಂಬಾಕಿನ ನಿಕೋಟಿನ್ ನಾಯಿಗೆ ವಿಷ. ಉಂಬಳ ತುಂಬ ಮೇಲೆ ಕುಳಿತು ನೀರಿಗೂ ಇಳಿಯದಿದ್ದರೆ ಪಶುವೈದ್ಯರ ಹತ್ತಿರ ಕರೆದೊಯ್ಯುವುದೇ ಸರಿ.

ಪುಷ್ಯ ಮಳೆ ಹಿಡಿದ ಮೇಲೆ ನಮ್ಮ ಸಂಜೆಗಳೆಲ್ಲ ನಾಯಿಗಳ ಕಾಲಿಗೇ ಮೀಸಲು. ಬೆರಳ ಸಂದಿ ಬಿಡಿಸಿ ಉಂಬಳ ನೋಡಬೇಕು, ಪಾದವನ್ನು ಬಿಸಿನೀರಿನಲ್ಲಿ ತೊಳೆದು ಒರೆಸಬೇಕು. ಒದ್ದೆ ಉಳಿದರೆ ಸಂದಿಯ ಚರ್ಮ ಕೆಂಪಾಗಿ ನಾರುತ್ತದೆ, ನಾಯಿ ರಾತ್ರಿಯಿಡೀ ಅದನ್ನೇ ನೆಕ್ಕುತ್ತದೆ. ಜೋತುಬಿದ್ದ ಕಿವಿಯ ಒಳಗನ್ನೂ ಮೂಸಿ ನೋಡಬೇಕು. ನಮ್ಮ ಇನ್ನೊಂದು ನಾಯಿ ಕಾಳು ಮುದುಕ. ಕಾಲು ಕೊಡು ಎಂದರೆ ಒಂದೊಂದಾಗಿ ನಾಲ್ಕನ್ನೂ ಕೊಡುತ್ತಾನೆ. ಕೆಂಪಿಗೆ ಇನ್ನೂ ಮೂರನೆಯದಕ್ಕೆ ತಾಳ್ಮೆ ಮುಗಿಯುತ್ತದೆ.

ಉಣುಗಿನ (ಉಣ್ಣೆಯ) ಕಾಟ ಜೋರು ಮಳೆಯಲ್ಲಿ ತುಸು ಕಡಿಮೆ. ಬೇಸಿಗೆಯಲ್ಲಿ ಅದೇ ದೊಡ್ಡ ಕೆಲಸ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಪಕ್ಕದ ಸಿದ್ದಾಪುರದಲ್ಲಿ ಜೀವಗಳನ್ನು ತೆಗೆದಿದೆ. ಅದನ್ನು ಹರಡುವುದು ಕಾಡಿನ ಉಣುಗು. ಕಾಡಿಗೆ ಹೋಗಿ ಬಂದ ದನ, ನಾಯಿಗಳ ಮೈಮೇಲೆ ಉಣುಗು ಮನೆ ಅಂಗಳಕ್ಕೂ ಬರುತ್ತದೆ. ಹೆಚ್ಚಾಗಿ ನಾಯಿಗೇ ಹತ್ತುವ ಕಂದು ಉಣುಗು ಬೇರೆ ಜಾತಿಯದು. ಅದರಿಂದ ನಾಯಿಗೆ ಜ್ವರ ಬಂದು ವಸಡು ಬಿಳಿಚಿಕೊಳ್ಳುತ್ತದೆ, ಅನ್ನ ಸೇರುವುದಿಲ್ಲ. ಹೋದ ಬೇಸಿಗೆಯಲ್ಲಿ ಕಾಳು ಹಾಗೆ ಮಲಗಿಬಿಟ್ಟಿದ್ದ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರು, ಬದುಕಿಕೊಂಡ. ಮಾತ್ರೆಯನ್ನು ಹಲಸಿನ ತೊಳೆಯೊಳಗೆ ಅಡಗಿಸಿ ಕೊಡುವ ಉಪಾಯ ಅತ್ತೆಯದು.

ಇವತ್ತು ಮಧ್ಯಾಹ್ನದ ನಂತರ ಸ್ವಲ್ಪ ಹೊಳವಾಯಿತು. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲದ ಔಷಧಿ ಬಾಕಿ ಇತ್ತು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಓಡೋಡಿ ಬಂದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಈ ಬೋರ್ಡೋ ದ್ರಾವಣ ಕಲಸುವ ದಿನ ನನಗೆ ನಾಯಿಗಳದೇ ಚಿಂತೆ. ನೀಲಿ ನೀರು ನಿಂತ ಕಡೆ ನಾಲಿಗೆ ಹಾಕಿದರೆ ವಾಂತಿ, ಭೇದಿ ಶುರುವಾಗುತ್ತದೆ. ಹೊಟ್ಟೆಗೆ ಹೆಚ್ಚು ಹೋದರೆ ಯಕೃತ್ತೇ (ಲಿವರ್) ಕೆಡುತ್ತದೆ. ಡ್ರಮ್ಮಿಗೆ ಮುಚ್ಚಳ ಇದ್ದರೂ ತೋಟದಲ್ಲಿ ಮರದ ಅಡಿಕೆ ಗೊನೆಯಿಂದ ತೊಟ್ಟಿಕ್ಕುವುದನ್ನು ಮುಚ್ಚುವಂತಿಲ್ಲ. ಆದ್ದರಿಂದ ಇಬ್ಬರನ್ನೂ ಜಗಲಿಯಲ್ಲೇ ಇರಿಸಿಕೊಂಡು ಕುಳಿತೆ. ಕಾಳುವಿಗೆ ಬಹಳ ಸಂಕಟ. ಮಾವ ತೋಟಕ್ಕೆ ಇಳಿದರೆ ತಾನೂ ಇಳಿಯಬೇಕು, ಮರ ಹತ್ತಿದವರು ಇಳಿಯುವವರೆಗೆ ಬುಡದಲ್ಲಿ ಕೂತಿರಬೇಕು ಎಂಬುದು ಅವನೇ ಮಾಡಿಕೊಂಡ ನಿಯಮ. ಇವತ್ತು ದೂರದಿಂದ ಕೊನೆಗೌಡನ ಕೂಗು ಕೇಳಿದಾಗಲೆಲ್ಲ ಎದ್ದು ನಿಂತು ನನ್ನನ್ನು ನೋಡುತ್ತಿದ್ದ. "ಹೆಗಡೇರೇ, ನಿಮ್ಮ ಕಾಳು ಇಲ್ಲದೆ ಮರ ಹತ್ತಲು ಬೇಸರ" ಎಂದು ಕೊನೆಗೌಡನೂ ಹೇಳಿದನಂತೆ. ಮಂಗಗಳ ಹಿಂಡು ಬಂದಾಗ ಈ ಮುದುಕ ಬಾಳೆಯ ಸಾಲಿನಲ್ಲಿ ಓಡುವುದನ್ನು ನೋಡಬೇಕು. ಆಗ ಅವನಿಗೆ ವಯಸ್ಸೇ ಇರುವುದಿಲ್ಲ.

ಈಗ ರಾತ್ರಿ. ಇಬ್ಬರೂ ಬಚ್ಚಲುಮನೆಯಲ್ಲಿದ್ದಾರೆ. ಅದರ ಬಗ್ಗೆ ಬರೆಯಬೇಕೆಂದೇ ಇವತ್ತು ಕುಳಿತದ್ದು.

ಹೋದ ವಾರ ಮೇಲಿನ ಮನೆಯ ನಾಯಿಯನ್ನು ಚಿರತೆ ಒಯ್ದಿತು. ಬೆಳಗಿನ ಜಾವ ಒಂದೇ ಕೂಗು ಕೇಳಿಸಿತು, ಅಷ್ಟೇ. ಅಂಗಳದಲ್ಲಿ ಸರಪಳಿ, ತುಂಡಾದ ಕೊರಳಪಟ್ಟಿ ಉಳಿದಿದ್ದವು. ಆ ನಾಯಿ ನನಗೂ ಬಾಲ ಅಲ್ಲಾಡಿಸುತ್ತಿತ್ತು, ಹಾಲು ಒಯ್ಯುವ ದಾರಿಯಲ್ಲಿ ದಿನವೂ ಅರ್ಧದವರೆಗೆ ಜೊತೆಗೆ ಬರುತ್ತಿತ್ತು. ನನಗೆ ಚಿರತೆಯ ಮೇಲೆ ಸಿಟ್ಟಿಲ್ಲ. ಊರಂಚಿನಲ್ಲಿ ಬದುಕುವ ಚಿರತೆಗಳು ನಾಯಿಯನ್ನು ಹಿಡಿಯುತ್ತವೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ರಾತ್ರಿ ಅದನ್ನು ಅಂಗಳದಲ್ಲಿ ಸರಪಳಿಗೆ ಕಟ್ಟುತ್ತೇವೆ. ಬಿಟ್ಟಿದ್ದರೆ ಓಡಿಯಾದರೂ ಜೀವ ಉಳಿಸಿಕೊಳ್ಳಬಹುದಿತ್ತು. ಕಟ್ಟಿದ ನಾಯಿ ಕಾವಲುಗಾರನಲ್ಲ, ಚಿರತೆಗೆ ಬಡಿಸಿಟ್ಟ ಎಲೆ. ಮೊಳೆಗಳಿರುವ ಪಟ್ಟಿ ಕೊರಳಿಗೆ ಹಾಕುವ ರೂಢಿ ಇದೆ, ಅದರಿಂದ ಕೆಲವು ಉಳಿದದ್ದೂ ಇದೆ. ಆದರೆ ಗೋಡೆ, ಬಾಗಿಲು ಕೊಡುವ ರಕ್ಷಣೆಯನ್ನು ಪಟ್ಟಿ ಕೊಡಲಾರದು. ಬೊಗಳುವುದು ಒಳಗಿನಿಂದಲೂ ಕೇಳಿಸುತ್ತದೆ. ಕಾಳು ಬಾಗಿಲ ಹಿಂದಿನಿಂದ ಬೊಗಳಿದರೆ ಇಡೀ ಕೇರಿ ಏಳುತ್ತದೆ.

ನಮ್ಮ ಮನೆಯಲ್ಲೂ ನಾಯಿ ಒಳಗೆ ಬರುವ ಪದ್ಧತಿ ಇರಲಿಲ್ಲ. ಈಗ ಅಧಿಕ ಶ್ರಾವಣ ಬೇರೆ, ಅತ್ತೆಯ ಮಡಿ, ಪೂಜೆ ಎರಡೂ ಹೆಚ್ಚು. ಕೇಳುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗ, ಮೇಲಿನ ಮನೆಯಿಂದ ಬಂದ ಅತ್ತೆ ಕಾಲು ತೊಳೆಯುತ್ತಲೇ, "ತಂಗಿ, ಇವತ್ತಿನಿಂದ ಇವೆರಡೂ ಬಚ್ಚಲುಮನೆಯಲ್ಲಿ ಮಲಗಲಿ. ಅಡುಗೆಮನೆಯ ಹೊಸಿಲು ದಾಟಬಾರದು ಅಷ್ಟೇ" ಎಂದರು. ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗುವ ಮೊದಲೇ ನೆಲ ತೊಳೆದುಕೊಟ್ಟೆ. ಈಗ ಅದೇ ಕ್ರಮವಾಗಿದೆ. ಬಚ್ಚಲ ಒಲೆಯಲ್ಲಿ ಅಡಿಕೆ ಸಿಪ್ಪೆಯ ಕೆಂಡ ಬೆಳಗಿನವರೆಗೆ ಬಿಸಿ ಇರುತ್ತದೆ. ಕೆಂಪಿ ಒಲೆಗೆ ಬೆನ್ನು ಕೊಟ್ಟು, ಕಾಳು ಬಾಗಿಲಿಗೆ ಅಡ್ಡವಾಗಿ ಮಲಗುತ್ತಾರೆ. ಮೈ ಒಣಗುತ್ತದೆ, ಚರ್ಮದ ತೊಂದರೆಯೂ ಕಡಿಮೆಯಾಗುತ್ತದೆ. ಒದ್ದೆ ನಾಯಿಯ ವಾಸನೆ ಹೊಗೆಯ ಜೊತೆ ಸೇರಿ ಮನೆ ತುಂಬುತ್ತದೆ. ನನಗೆ ಅದು ಇಷ್ಟವಾಗತೊಡಗಿದೆ.

ಸಂಜೆ ಮೇಲಿನ ಮನೆಯ ದೊಡ್ಡಪ್ಪ ಬಂದಿದ್ದರು. ಮನೆ ಬಿಕೋ ಎನ್ನುತ್ತಿದೆಯಂತೆ. ಪರಿಚಯದವರಲ್ಲಿ ಮರಿಗಳಿವೆ, ಒಂದು ತರುತ್ತೇನೆ ಎಂದರು. ನನಗೆ ಸುಮ್ಮನಿರಲಾಗಲಿಲ್ಲ. "ದೊಡ್ಡಪ್ಪ, ಮರಿಗೆ ಪಾರ್ವೊ ಲಸಿಕೆ, ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ ಹಾಕಿಸಲು ನಾನೇ ನಿಮ್ಮ ಜೊತೆ ಪೇಟೆಗೆ ಬರುತ್ತೇನೆ. ಆದರೆ ರಾತ್ರಿ ಅಂಗಳದಲ್ಲಿ ಕಟ್ಟುವುದಾದರೆ ತರಬೇಡಿ" ಎಂದೆ. ಹಿರಿಯರಿಗೆ ಹೀಗೆ ನೇರವಾಗಿ ಹೇಳಿದವಳಲ್ಲ ನಾನು. ಅವರು ಕವಳ (ಎಲೆಯಡಿಕೆ) ಹಾಕಿಕೊಳ್ಳುತ್ತ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಇವರ ಕಡೆ ತಿರುಗಿ, ಕೊಟ್ಟಿಗೆಯ ಆ ಮುರಿದ ಬಾಗಿಲಿಗೆ ಹಲಗೆ ಎಷ್ಟು ಬೇಕಾದೀತು, ಬಡಿಗ ಯಾವಾಗ ಸಿಗುತ್ತಾನೆ ಎಂದು ವಿಚಾರಿಸಿದರು. ಬಾಗಿಲು ಆದ ಮೇಲೆಯೇ ಮರಿ ತರುತ್ತಾರಂತೆ. ನಮ್ಮ ಅಟ್ಟದಲ್ಲಿ ಎರಡು ಹಲಸಿನ ಹಲಗೆಗಳಿವೆ, ನಾಳೆ ಇಳಿಸಿಕೊಡಬೇಕು.