ದೇವರು ದಾಟಿದ ಹೊಳೆ, ನನ್ನ ಪಂಚರ್ ಸೈಕಲ್

ಗೋವಾದಲ್ಲಿ ನಾಲ್ಕು ದಿನ ಇದ್ದೆ. ಮೂರು ದಿನ ಬೀಚಿನಲ್ಲಿ ಕಳೆದವು, ಅದರ ಬಗ್ಗೆ ಹೇಳೋಕೆ ಏನೂ ಇಲ್ಲ. ನಾಲ್ಕನೇ ದಿನ ಬಾಡಿಗೆ ಸೈಕಲ್ ತಗೊಂಡು ದಿವಾರ್ ದ್ವೀಪಕ್ಕೆ ಹೋದೆ.

ಹಳೇ ಗೋವಾದ ವೈಸ್‌ರಾಯ್ ಕಮಾನು ದಾಟಿ ಕೆಳಗಿಳಿದರೆ ಮಾಂಡೋವಿ ನದಿ, ಅಲ್ಲೇ ಫೆರಿ. ಸ್ಕೂಟರ್‌ಗಳ ಮಧ್ಯೆ ಸೈಕಲ್ ತೂರಿಸಿ ನಿಂತೆ. ಕೆಲವೇ ನಿಮಿಷಕ್ಕೆ ಆಚೆ ದಡ. ಆಮೇಲೆ ಗದ್ದೆಗಳ ನಡುವೆ ನೇರ ರಸ್ತೆ, ತಲೆ ಮೇಲೆ ಉರಿಬಿಸಿಲು. ಪಿಯೆದಾದ್ ಊರಿನ ಗುಡ್ಡದ ಮೇಲಿನ ಚರ್ಚ್ ಚೆನ್ನಾಗಿದೆ, ಆದರೆ ಎಲ್ಲರೂ ಫೋಟೋ ತೆಗೆಯುವುದು ಅದನ್ನೇ. ನನಗೆ ಬೇಕಿದ್ದದ್ದು ದ್ವೀಪದ ಇನ್ನೊಂದು ತುದಿಯ ನಾರ್ವೆ ಅನ್ನೋ ಊರು.

ಅಲ್ಲಿಗೆ ತಲುಪುವ ಮುಂಚೆಯೇ ಹಿಂದಿನ ಚಕ್ರ ಪಂಚರ್. ಬಾಡಿಗೆಗೆ ಕೊಟ್ಟವನು 'ಪಂಪ್ ಯಾಕೆ ಸಾರ್, ಸುಮ್ನೆ ಭಾರ' ಅಂದಿದ್ದ. ಈಗಲೂ ಸಿಟ್ಟು ಬರುತ್ತದೆ. ದಿವಾರ್‌ಗೆ ಹೋಗುವವರು ಪಂಪ್ ಕೇಳಿಯೇ ತಗೊಳ್ಳಿ. ಮಧ್ಯಾಹ್ನ ದಾರಿಯಲ್ಲಿ ನನಗೆ ಒಂದು ಅಂಗಡಿಯೂ ತೆರೆದದ್ದು ಕಾಣಲಿಲ್ಲ.

ಟೈರಿಗೆ ಬೈಯುತ್ತಾ ನಿಂತಿದ್ದೆ. ಪಕ್ಕದ ಮನೆಗೆ ಗಿಲಾವು ಮಾಡುತ್ತಿದ್ದವರೊಬ್ಬರು ಇಳಿದು ಬಂದರು.

"ಕನ್ನಡದಾಗ ಬೈದ್ರ ಗಾಳಿ ತುಂಬತೈತೇನ್ರೀ ಸರ?"

ಬಾದಾಮಿ ಕಡೆಯವರಂತೆ. ಎಲ್ಲಿಂದಲೋ ಪಂಪ್ ತಂದರು. ಗಾಳಿ ಹೊಡೆಯುತ್ತಲೇ ಕೇಳಿದರು, "ಏನ್ ನೋಡಾಕ ಬಂದೀರಿ?"

"ಹಳೇ ಸಪ್ತಕೋಟೇಶ್ವರ ದೇವಸ್ಥಾನದ ಜಾಗ."

"ಗುಡಿ ಎಲ್ಲೈತ್ರಿ ಇಲ್ಲಿ? ಹೊಂಡ ಐತಿ. ನಮ್ಮ ಕಡಿ ಹೊಂಡ ಇದ್ದಂಗ ಐತಿ, ನೋಡ್ರಿ. ನನಗ ಊರ ನೆನಪಾಕ್ಕೈತಿ."

ಹೋಗಿ ನೋಡಿದೆ. ಕೆಂಪು ಮುರಕಲ್ಲಿನ ಮೆಟ್ಟಿಲು, ಸಂದಿಸಂದಿಯಲ್ಲಿ ಹುಲ್ಲು. ಹೊಂಡದ ಹೆಸರು ಕೋಟಿತೀರ್ಥ. ಗೋವಾದ ಕದಂಬರ ಕುಲದೇವರ ಗುಡಿ ಇಲ್ಲೇ ಇತ್ತು. ಸಪ್ತಕೋಟೇಶ್ವರನ ವರ ಪಡೆದವರು ಅಂತ ಅವರು ಬಿರುದಿನಲ್ಲೇ ಹೇಳಿಕೊಳ್ಳುತ್ತಿದ್ದರು. ಬಹಮನಿಗಳ ಕಾಲದಲ್ಲಿ ಹಾಳಾದ ಗುಡಿಯನ್ನು 14ನೇ ಶತಮಾನದ ಕೊನೆಗೆ ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದರು. ಲಿಂಗವನ್ನು ಭಕ್ತರು ಗುಟ್ಟಾಗಿ ಹೊಳೆ ದಾಟಿಸಿದರು ಅನ್ನುತ್ತಾರೆ. ಆಚೆ ದಡದಲ್ಲಿ 1668ರಲ್ಲಿ ಶಿವಾಜಿ ಹೊಸ ಗುಡಿ ಕಟ್ಟಿಸಿದ. ಆ ಊರೂ ನಾರ್ವೆಯೇ. ದೇವರ ಜೊತೆ ಹೆಸರೂ ದಾಟಿತೇನೋ! ಗೋವಾದ ಸರ್ಕಾರಿ ಬಸ್ಸಿನ ಮೇಲೆ 'ಕದಂಬ' ಅಂತ ಇರುವುದನ್ನು ಮೂರು ದಿನದಿಂದ ನೋಡುತ್ತಿದ್ದೆ, ಯಾಕೆ ಅಂತ ಯೋಚಿಸಿಯೇ ಇರಲಿಲ್ಲ.

ಹೊಂಡದ ಮೆಟ್ಟಿಲ ಮೇಲೆ ಜಾಸ್ತಿ ಹೊತ್ತು ಕೂತೆ. ವಾಪಸ್ ಬರುವಾಗ ಅವರಿಗೆ ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. "ಆಕಡಿ ಗುಡಿಗೆ ಹೊಂಟೀರಲ್ರೀ? ನನ್ನ ಹೆಸರ್ಲೆ ಒಂದ್ ಕಾಯಿ ಒಡಸ್ರಿ."

ಹೆಸರು ಕೇಳಿಕೊಂಡು ಇನ್ನೊಂದು ಫೆರಿ ಹತ್ತಿದೆ. ನಡು ಹೊಳೆಯಲ್ಲಿ ಟೈರ್ ಒತ್ತಿ ನೋಡಿದೆ, ಅರ್ಧ ಗಾಳಿ ಹೋಗಿತ್ತು. ಗುಡಿಯವರೆಗೆ ಸೈಕಲ್ ತಳ್ಳಿಕೊಂಡೇ ಹೋದೆ. ಕ್ಯಾರಿಯರ್‌ನಲ್ಲಿ ಎರಡು ಕಾಯಿ ಇದ್ದವು.