ಯಾವ ಸಾಫ್ಟ್‌ವೇರ್ ಅಂತ ಒಂದು ಹೆಸರು ಹೇಳಿಬಿಡು

ಪ್ರಶ್ನೆ ಇದು: "ಯುಐ ಯುಎಕ್ಸ್‌ನಲ್ಲಿ ಮುಂದೆ ಬರೋಕೆ ಯಾವ ಸಾಫ್ಟ್‌ವೇರ್ ಕಲೀಬೇಕು?"

ಆಪ್, ವೆಬ್‌ಸೈಟುಗಳ ಪರದೆ ವಿನ್ಯಾಸ ಮಾಡೋದು ನನ್ನ ಕಸುಬು, ಹಾಗಾಗಿ ವಾರಕ್ಕೆ ಎರಡು ಮೂರು ಸಲವಾದರೂ ಯಾರಾದರೂ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ಕೇಳುತ್ತಾರೆ, ಲಿಫ್ಟ್‌ನಲ್ಲಿ ಕೇಳುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರು ತಮ್ಮ ಮಗಳಿಗೋಸ್ಕರ ಕೇಳಿದರು. ನಾನು ಬಾಯಿ ತೆರೆದುಕೊಂಡು ಮಲಗಿದ್ದೆ, ಒಳಗೆ ಹತ್ತಿ ತುರುಕಿದ್ದರು. ಉತ್ತರ ಕೊಡದೆ ಪಾರಾಗಿದ್ದು ಅದೊಂದೇ ಸಲ. ಇನ್ನು ಮೇಲೆ ಕೇಳಿದವರಿಗೆಲ್ಲ ಈ ಬರಹದ ಲಿಂಕ್ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಚಿಕ್ಕ ಉತ್ತರ: ಫಿಗ್ಮಾ. ಇಷ್ಟು ಸಾಕು ಅನ್ನುವವರು ಇಲ್ಲೇ ಎದ್ದು ಹೋಗಬಹುದು.

ಉಳಿದವರಿಗೆ ಒಂದು ಮದುವೆಯ ಕಥೆ. ಅರಸೀಕೆರೆಯಲ್ಲಿ, ಹೋದ ವರ್ಷ. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಕೋಸಂಬರಿ, ಪಲ್ಯ ಬಿದ್ದಾಗಿತ್ತು, ಸಾರಿನ ಬಕೆಟ್ ಎರಡು ಎಲೆ ಆಚೆ ಇತ್ತು. ಪಕ್ಕದ ಎಲೆಗೆ ಬಂದು ಕೂತವರು ಅಮ್ಮನ ಚಿಕ್ಕಪ್ಪನ ಮಗ, ನನಗೆ ಮಾವ. ಊರಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ.

"ನಮ್ ಹುಡುಗ ಬಿಸಿಎ ಮುಗಿಸ್ಕೊಂಡು ಅದೇನೋ ಯುಐಯುಎಕ್ಸು ಅಂತ ಮೂರು ತಿಂಗಳ ಕೋರ್ಸ್ ಮಾಡಿದ್ದಾನಮ್ಮ. 60,000 ಕಟ್ಟಿದ್ದೀನಿ. ಕೆಲಸ ಮಾತ್ರ ಇಲ್ಲ. ನೀನು ಅದರಲ್ಲೇ ಇದ್ದೀಯಲ್ಲ, ಯಾವ ಸಾಫ್ಟ್‌ವೇರು ಅಂತ ಒಂದು ಹೆಸರು ಹೇಳಿಬಿಡು. ಅದನ್ನೇ ಕಲೀಲಿ."

ಈ "ಹೇಳಿಬಿಡು" ಇದೆಯಲ್ಲ, ಅದೇ ನನ್ನ ಮೈ ಉರಿಸೋದು. ನಾನೇನೋ ಆ ಹೆಸರನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದೇನೆ, ಜಿಪುಣತನಕ್ಕೆ ಬಿಚ್ಚುತ್ತಿಲ್ಲ ಅನ್ನುವ ಹಾಗೆ. ಮಾವನ ಅಂಗಡಿಗೆ ಯಾರಾದರೂ ಬಂದು "ಒಳ್ಳೇ ಗೊಬ್ಬರದ ಹೆಸರು ಹೇಳಿಬಿಡಿ" ಅಂದರೆ ಅವರು ಹೇಳುತ್ತಾರಾ? ಬೆಳೆ ಯಾವುದು, ನೀರಿದೆಯಾ, ಪೈರಿಗೆ ಎಷ್ಟು ದಿನ ಆಯ್ತು ಅಂತ ಹತ್ತು ಪ್ರಶ್ನೆ ಕೇಳುತ್ತಾರೆ. ನನ್ನ ಕಸುಬಿಗೆ ಮಾತ್ರ ಒಂದು ಹೆಸರು ಸಾಕಂತೆ.

ಇನ್ನು ಆ "ಯುಐಯುಎಕ್ಸು". ಎರಡನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿದರೆ ಯಾವುದೋ ಚರ್ಮದ ಕಾಯಿಲೆಯ ಹೆಸರಿನ ಹಾಗೆ ಕೇಳಿಸುತ್ತೆ. ಯುಐ ಅಂದರೆ ಪರದೆಯ ಮೇಲೆ ಕಾಣುವ ಬಟನ್ನು, ಅಕ್ಷರ, ಬಣ್ಣ. ಯುಎಕ್ಸ್ ಅಂದರೆ ಅದನ್ನು ಬಳಸುವವರಿಗೆ ಆಗುವ ಅನುಭವ. ಮೊದಲನೆಯದು ಸಾಫ್ಟ್‌ವೇರ್ ಒಳಗೆ ತಯಾರಾಗುತ್ತೆ. ಎರಡನೆಯದು ಅಲ್ಲಿ ಇಲ್ಲ.

ಹೆಸರೇ ಬೇಕು ಅಂದರೆ ನನ್ನ ಹತ್ತಿರ ಬೇಕಾದಷ್ಟಿವೆ. ಅರ್ಧ ಹೆಸರುಗಳಿಗೆ ತಿಥಿ ಮಾಡಬೇಕು, ಅಷ್ಟೇ. ಮೊದಲ ಕೆಲಸದಲ್ಲಿ ಕಲಿತಿದ್ದು ಫೈರ್‌ವರ್ಕ್ಸ್. 1998ರಲ್ಲಿ ಮ್ಯಾಕ್ರೊಮೀಡಿಯಾದವರು ವೆಬ್ ಕೆಲಸಕ್ಕೆ ಅಂತಲೇ ತಂದಿದ್ದು, ಆಮೇಲೆ ಅಡೋಬಿ ಕೈಗೆ ಬಂತು. ಅದರ ಶಾರ್ಟ್‌ಕಟ್ಟುಗಳು ನನ್ನ ಬೆರಳಿಗೆ ಹತ್ತುವ ಹೊತ್ತಿಗೆ, 2013ರಲ್ಲಿ, ಇನ್ನು ಹೊಸ ಆವೃತ್ತಿ ಬರಲ್ಲ ಅಂದರು. ಆಮೇಲೆ ಎಲ್ಲರ ಬಾಯಲ್ಲೂ ಸ್ಕೆಚ್. ಅದು ಓಡೋದು ಮ್ಯಾಕ್‌ನಲ್ಲಿ ಮಾತ್ರ. 24 ತಿಂಗಳ ಇಎಂಐ ಹಾಕಿಸಿಕೊಂಡು ಮ್ಯಾಕ್ ತಗೊಂಡೆ. ಪರದೆಗಳನ್ನು ಜೋಡಿಸಿ ಕ್ಲೈಂಟಿಗೆ ತೋರಿಸೋಕೆ ಇನ್‌ವಿಷನ್ ಕಲಿತೆ. ನಡುವೆ ಒಂದು ಆಫೀಸಿನಲ್ಲಿ ಅಡೋಬಿ ಎಕ್ಸ್‌ಡಿ ಕಡ್ಡಾಯ ಅಂದರು, ಅದನ್ನೂ ಕಲಿತೆ.

ಎಕ್ಸ್‌ಡಿಗೆ 2023ರಲ್ಲಿ ಹೊಸದೇನನ್ನೂ ಸೇರಿಸೋದು ನಿಲ್ಲಿಸಿದರು. ಇನ್‌ವಿಷನ್ 2024ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಸ್ಕೆಚ್ ಇನ್ನೂ ಇದೆ, ನಾನು ತೆರೆದು ವರ್ಷಗಳಾದವು.

ಫಿಗ್ಮಾ ಎಲ್ಲರಿಗೂ ಸಿಕ್ಕಿದ್ದು 2016ರಲ್ಲಿ. ಬ್ರೌಸರಿನಲ್ಲೇ ಓಡುತ್ತೆ, ಮ್ಯಾಕ್ ಬೇಕಿಲ್ಲ, ಒಂದೇ ಫೈಲಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಕೆಲಸ ಮಾಡಬಹುದು. ನನ್ನ ಇಎಂಐ ನೆನೆಸಿಕೊಂಡು ಹೊಟ್ಟೆ ಉರಿದಿದ್ದು ಸುಳ್ಳಲ್ಲ. 2022ರ ಸೆಪ್ಟೆಂಬರಿನಲ್ಲಿ ಅಡೋಬಿಯವರು ಇದನ್ನೂ 2,000 ಕೋಟಿ ಡಾಲರಿಗೆ ಕೊಳ್ಳುತ್ತೇವೆ ಅಂದಾಗ ನಮ್ಮ ಟೀಮಿನಲ್ಲಿ ಸೂತಕದ ವಾತಾವರಣ. ಫೈರ್‌ವರ್ಕ್ಸ್ ಕಂಡವರು ನಾವು. ಯುರೋಪ್ ಮತ್ತು ಬ್ರಿಟನ್‌ನ ನಿಯಂತ್ರಕರು ತಕರಾರು ಎತ್ತಿದರು, 2023ರ ಡಿಸೆಂಬರಿನಲ್ಲಿ ಆ ವ್ಯಾಪಾರ ಮುರಿದುಬಿತ್ತು. ಹಾಗಾಗಿ ಇವತ್ತು ಹೆಸರು ಫಿಗ್ಮಾ. ಹತ್ತು ವರ್ಷ ಬಿಟ್ಟು ಬಂದು ಕೇಳಿ, ಬೇರೆ ಹೇಳಿದರೂ ಹೇಳಿದೆ.

ಇದನ್ನೆಲ್ಲ ಪಂಕ್ತಿಯಲ್ಲಿ ಹೇಳೋಕಾಗಲಿಲ್ಲ. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದರು. "ಊಟ ಆದ್ಮೇಲೆ ಹುಡುಗನನ್ನ ಕಳಿಸಿ ಮಾವ" ಅಂದೆ.

ಛತ್ರದ ಮಹಡಿಯ ರೂಮಿಗೆ ಬಂದ. ಪಂಚೆ, ಶಲ್ಯ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಮದುವೆಗೆ ಲ್ಯಾಪ್‌ಟಾಪ್ ತಂದಿದ್ದಾನೆ ಅಂದರೆ ಮಾವ ಮನೆಯಿಂದಲೇ ಲೆಕ್ಕ ಹಾಕಿಕೊಂಡು ಬಂದಿದ್ದಾರೆ. ಒಂದು ಕಡೆ ಯಾರದೋ ಮಗು ಮಲಗಿತ್ತು. ಚಾಪೆ ಮೇಲೆ ಕೂತು ಫಿಗ್ಮಾದಲ್ಲಿ ಫೈಲ್ ತೆರೆದ. ಊಟ ತರಿಸಿಕೊಳ್ಳುವ ಆಪ್. ಕೋರ್ಸಿನಲ್ಲಿ ಎಲ್ಲರೂ ಅದನ್ನೇ ಮಾಡೋದು. ನೋಡೋಕೆ ಚೆನ್ನಾಗಿತ್ತು, ನಿಜವಾಗಿಯೂ. ಬಣ್ಣದ ಹದ ಗೊತ್ತಿರೋ ಹುಡುಗ.

ಎಡಗಡೆ ಲೇಯರುಗಳ, ಅಂದರೆ ಪರದೆಯ ಒಂದೊಂದು ಚೂರಿನ, ಪಟ್ಟಿ ನೋಡಿದೆ. ರೆಕ್ಟ್ಯಾಂಗಲ್ 247. ಗ್ರೂಪ್ 61. ರೆಕ್ಟ್ಯಾಂಗಲ್ 248. ಒಂದಕ್ಕೂ ಹೆಸರಿಟ್ಟಿಲ್ಲ, ಎಲ್ಲ ಫಿಗ್ಮಾ ತಾನೇ ಕೊಟ್ಟಿದ್ದು.

"ಈ ಬಟನ್ನಿನಲ್ಲಿ ನೆಕ್ಸ್ಟ್ ಅಂತಿದೆಯಲ್ಲ, ಅದನ್ನ ತೆಗೆದು 'ಮುಂದುವರಿಯಿರಿ' ಅಂತ ಹಾಕು ನೋಡೋಣ" ಅಂದೆ.

ಕೀಬೋರ್ಡಿನಲ್ಲಿ ಕನ್ನಡ ಇರಲಿಲ್ಲ. ಫೋನಿನಲ್ಲಿ ಟೈಪ್ ಮಾಡಿ ಕಾಪಿ ಮಾಡಿ ಹಾಕಿದ. ಅಕ್ಷರ ಬಟನ್ನಿನ ಎರಡೂ ಕಡೆಯಿಂದ ಆಚೆ ಬಂತು, ಸಣ್ಣ ಮಂಚದಲ್ಲಿ ಉದ್ದನೆಯ ನೆಂಟ ಮಲಗಿದ ಹಾಗೆ. ಗಾರ್ಲಿಕ್ ಬ್ರೆಡ್ ಅಂತ ಇದ್ದ ಕಡೆ "ಬೆಳ್ಳುಳ್ಳಿ ರೊಟ್ಟಿ" ಹಾಕಿಸಿದೆ. ಎರಡು ಸಾಲಾಯಿತು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂತಿತು. ಕೆಳಗಿನ ಸಾಲಿನ ಒತ್ತಿನ ಕಾಲನ್ನು ಕಾರ್ಡಿನ ಅಂಚು ಕತ್ತರಿಸಿತು. ಇಂಗ್ಲಿಷಿಗೆ ಅಕ್ಷರದ ಅಳತೆಯ 1.2ರಷ್ಟು ಸಾಲಿನ ಎತ್ತರ ನಡೆಯುತ್ತೆ. ನಮ್ಮ ಒತ್ತಕ್ಷರಕ್ಕೆ ಕಾಲು ಚಾಚೋಕೆ ಜಾಗ ಬೇಕು, ನಾನು 1.5ಕ್ಕಿಂತ ಕಡಿಮೆ ಇಡಲ್ಲ. ಅವನ ತಲೆಬರಹಗಳೆಲ್ಲ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿದ್ದವು. ಕನ್ನಡದಲ್ಲಿ ಕ್ಯಾಪಿಟಲ್ ಎಲ್ಲಿಂದ ತರೋದು? ತಲೆಬರಹ ಯಾವುದು, ಕೆಳಗಿನ ಮಾತು ಯಾವುದು ಅಂತಲೇ ಗೊತ್ತಾಗಲಿಲ್ಲ.

ಅವನು ಮೌಸ್ ಹಿಡಿದು ಬಟನ್ನಿನ ಅಂಚನ್ನು ಕೈಯಲ್ಲಿ ಎಳೆದು ದೊಡ್ಡದು ಮಾಡಿದ. ಆಮೇಲೆ ಸುಮ್ಮನಾದ.

"ಅಕ್ಕ, ಇಂಥದ್ದು ನಲವತ್ತು ಸ್ಕ್ರೀನಿದೆ."

ಪಾಪ ಅನ್ನಿಸಿತು. ಅಲ್ಲಿಯವರೆಗೆ ಇದ್ದ ಸಿಟ್ಟು ಆ ಹುಡುಗನ ಮೇಲಿನದ್ದಲ್ಲ ಅಂತಲೂ ಗೊತ್ತಾಯಿತು. ಮೂರು ತಿಂಗಳು ದುಡ್ಡು ತಗೊಂಡು ಆಟೊ ಲೇಔಟ್ (ಒಳಗಿನ ಅಕ್ಷರಕ್ಕೆ ತಕ್ಕ ಹಾಗೆ ಚೌಕಟ್ಟು ತಾನೇ ಹಿಗ್ಗಿ ಕುಗ್ಗುವ ಫಿಗ್ಮಾದ ಸೌಲಭ್ಯ) ಕಲಿಸದೆ ಸರ್ಟಿಫಿಕೇಟ್ ಕೊಟ್ಟವರ ಮೇಲಿನದ್ದು.

ಬಟನ್ನಿನ ಅಕ್ಷರವನ್ನು ಆರಿಸಿ ಆಟೊ ಲೇಔಟಿನ ಶಾರ್ಟ್‌ಕಟ್ಟು ಶಿಫ್ಟ್ ಎ ಒತ್ತಿಸಿದೆ. ಸುತ್ತ ಒಂದು ಚೌಕಟ್ಟು ಬಂತು. ಬಣ್ಣ ತುಂಬಿಸಿ, ಮೇಲೆ ಕೆಳಗೆ 12, ಅಕ್ಕಪಕ್ಕ 20 ಜಾಗ ಬಿಡಿಸಿದೆ. ಈಗ ಅಕ್ಷರ ಉದ್ದವಾದರೆ ಬಟನ್ನೂ ಉದ್ದವಾಗುತ್ತೆ, ಗಿಡ್ಡವಾದರೆ ಗಿಡ್ಡ. ಅದನ್ನು ಕಾಂಪೊನೆಂಟ್, ಅಂದರೆ ಮೂಲ ಅಚ್ಚು, ಮಾಡಿಸಿ ಅದರ ನಕಲುಗಳನ್ನು ಬೇರೆ ಪರದೆಗಳಲ್ಲಿ ಇಡಿಸಿದೆ. ಅಚ್ಚನ್ನು ತಿದ್ದಿದರೆ ಎಲ್ಲ ಕಡೆ ಬದಲಾಯಿತು. ಹುಡುಗ ಹತ್ತು ಸಲ "ಮುಂದುವರಿಯಿರಿ" ಅಳಿಸಿ, ಬರೆದು, ಅಳಿಸಿ ನೋಡಿದ. ಮಗು ಎದ್ದು ಅಳೋಕೆ ಶುರು ಮಾಡಿತು. ಅವನಿಗೆ ಕೇಳಿಸಲೇ ಇಲ್ಲ.

ಫಿಗ್ಮಾ ಗೊತ್ತಿದೆ, ಆದರೆ ಮುಂದಕ್ಕೆ ಹೋಗುತ್ತಿಲ್ಲ ಅನ್ನುವವರಿಗೆ ನನ್ನ ಹತ್ತಿರ ಇರುವ ಉತ್ತರ ಸುಮಾರಾಗಿ ಇಷ್ಟೇ. ಹೊಸ ಆಪ್ ಕಲ್ಪಿಸಿಕೊಳ್ಳಬೇಡಿ. ದಿನಾ ಬೈದುಕೊಂಡು ಬಳಸುವ ಒಂದು ಆಪ್ ಇರುತ್ತಲ್ಲ, ಅದರ ಐದಾರು ಪರದೆಗಳನ್ನು ಹಾಗೆಯೇ ಮತ್ತೆ ಕಟ್ಟಿ. ಆಟೊ ಲೇಔಟ್ ಇಲ್ಲದೆ ಒಂದು ಚೌಕವನ್ನೂ ಇಡಬೇಡಿ. ಅದು ವೆಬ್‌ನವರು ಪುಟದ ರೂಪ ಬರೆಯುವ ಸಿಎಸ್ಎಸ್‌ ಭಾಷೆಯಲ್ಲಿ ಚೌಕಗಳನ್ನು ಜೋಡಿಸೋಕೆ ಬಳಸುವ ಫ್ಲೆಕ್ಸ್‌ಬಾಕ್ಸ್‌ನ ಹತ್ತಿರದ ನೆಂಟ. ಒಂದು ಅರ್ಥವಾದರೆ ಇನ್ನೊಂದು ಅರ್ಧ ಬಂದ ಹಾಗೆ, ಡೆವಲಪರ್ ಜೊತೆ ಜಗಳವೂ ಅರ್ಧ ಕಡಿಮೆಯಾಗುತ್ತೆ. 2023ರಲ್ಲಿ ಫಿಗ್ಮಾಗೆ ಬಂದ ವೇರಿಯಬಲ್ಸ್ ಕಲಿಯಿರಿ. ಒಂದೇ ಪರದೆಗೆ ಕನ್ನಡದ ಮಾತು, ಇಂಗ್ಲಿಷಿನ ಮಾತು ಎರಡನ್ನೂ ಕಟ್ಟಿಟ್ಟು, ಸ್ವಿಚ್ ಹಾಕಿದ ಹಾಗೆ ಬದಲಾಯಿಸಬಹುದು. ಎಲ್ಲಿ ಒಡೆಯುತ್ತೆ ಅಂತ ತಕ್ಷಣ ಕಾಣುತ್ತೆ.

ಆಮೇಲೆ ನಿಮ್ಮ ಪರದೆಯನ್ನು ನೀವೇ ಕೆಡಿಸಿ. ಹೆಸರಿನ ಜಾಗದಲ್ಲಿ ಅಜ್ಜ, ಅಪ್ಪ, ಊರು ಎಲ್ಲ ಸೇರಿದ ಉದ್ದನೆಯ ಹೆಸರು ಹಾಕಿ. ಪಟ್ಟಿ ಖಾಲಿ ಇದ್ದರೆ ಏನು ಕಾಣಬೇಕು, ನೆಟ್ ಹೋದರೆ ಏನು ಕಾಣಬೇಕು ಅಂತ ಬರೆಯಿರಿ. ಬಿಳಿಯ ಮೇಲೆ ಬೂದು ಅಕ್ಷರ ಹಾಕುವ ಚಟವೊಂದಿದೆ ನಮ್ಮವರಿಗೆ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ ವೆಬ್‌ಗೆ ಜಗತ್ತೇ ಒಪ್ಪಿದ ನಿಯಮ ಇದೆ. 999999 ಅನ್ನುವ ಬಣ್ಣದ ಕೋಡಿನ ಆ ಫ್ಯಾಷನ್ ಬೂದು ಬಿಳಿಯ ಮೇಲೆ 3ನ್ನೂ ಮುಟ್ಟಲ್ಲ.

ಎಐ ಬಂತಲ್ಲ, ಇದೆಲ್ಲ ಯಾಕೆ ಅಂತ ಕೇಳಬೇಡಿ. ಪರದೆ ಮಾಡಿಕೊಡುತ್ತೆ, ನಾನೂ ಮಾಡಿಸಿಕೊಳ್ಳುತ್ತೇನೆ. ಅದು ಮಾಡಿಕೊಟ್ಟಿದ್ದರಲ್ಲಿ ಏನು ತಪ್ಪಿದೆ ಅಂತ ಹೇಳೋಕೆ ಇಷ್ಟಾದರೂ ಗೊತ್ತಿರಬೇಕಲ್ವಾ?

ಇಷ್ಟು ವರ್ಷದಲ್ಲಿ ಒಬ್ಬರಾದರೂ ನನ್ನನ್ನು "ನೀವು ಮಾಡಿದ್ದನ್ನ ಯಾರಾದ್ರೂ ಬಳಸೋವಾಗ ಪಕ್ಕದಲ್ಲಿ ಕೂತು ನೋಡಿದ್ದೀರಾ?" ಅಂತ ಕೇಳಲಿ ಅಂತ ಕಾದಿದ್ದೇನೆ. ಕೇಳಲ್ಲ. ಹಾಗಾಗಿ ಕೇಳಿದರು ಅಂತಲೇ ಇಟ್ಟುಕೊಂಡು ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಂಪನಿಗೆ ಸಾಲದ ಲೆಕ್ಕ ಬರೆಯುವ ಆಪ್ ಮಾಡುತ್ತಿದ್ದೆವು. ದಿನಸಿ ಅಂಗಡಿಯವರು ಪುಸ್ತಕದ ಬದಲು ಫೋನಿನಲ್ಲಿ ಬರೆದುಕೊಳ್ಳಲಿ ಅಂತ. ಗಿರಾಕಿ ಸಾಲ ತಗೊಂಡರೆ ಮೊತ್ತ ಹಾಕಿ ಬಟನ್ ಒತ್ತಬೇಕು. ವಾಪಸ್ ಕೊಟ್ಟರೂ ಮೊತ್ತ ಹಾಕಿ ಅದೇ ಬಟನ್ ಒತ್ತಬೇಕು. ಇಂಗ್ಲಿಷಿನಲ್ಲಿ ಸೇವ್. ಕನ್ನಡದಲ್ಲಿ "ಉಳಿಸಿ". ಆ ಪದ ಹಾಕಿದ್ದು ನಾನೇ. ಎಲ್ಲರೂ ಹಾಕೋದು ಅದೇ ಅಲ್ವಾ?

ಎರಡು ತಿಂಗಳಾದ ಮೇಲೆ ಲೆಕ್ಕ ನೋಡಿದರೆ ಸಾಲ ತಗೊಂಡಿದ್ದೆಲ್ಲ ದಾಖಲಾಗಿದೆ, ವಾಪಸ್ ಬಂದಿದ್ದು ಮಾತ್ರ ಕನ್ನಡದಲ್ಲಿ ಬಳಸುವವರ ಕಡೆಯಿಂದ ದಾಖಲೇ ಇಲ್ಲ. ನಮ್ಮ ಆಪ್ ನಂಬಿದರೆ ಕನ್ನಡಿಗರು ಸಾಲ ತೀರಿಸುವ ಜಾತಿಯೇ ಅಲ್ಲ. ಮೀಟಿಂಗಿನಲ್ಲಿ ಬಟನ್ ಎದ್ದು ಕಾಣುತ್ತಿಲ್ಲ ಅಂತ ತೀರ್ಮಾನವಾಯಿತು. ಎರಡು ವಾರ ಕೂತು ಹಸಿರನ್ನು ಇನ್ನಷ್ಟು ಹಸಿರು ಮಾಡಿದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಎರಡು ವಾರ.

ಆಮೇಲೆ ಹಾಸನಕ್ಕೆ ಹೋಗಿ ಒಂದು ಅಂಗಡಿಯಲ್ಲಿ ಎಣ್ಣೆ ಡಬ್ಬದ ಮೇಲೆ ಕೂತೆ. ಅರ್ಧ ಗಂಟೆ ಏನೂ ಆಗಲಿಲ್ಲ. ಒಬ್ಬರು ಹೆಂಗಸು ಬಂದು ಹಳೇ ಬಾಕಿ 340 ರೂಪಾಯಿ ಪೂರ್ತಿ ಕೊಟ್ಟರು. ಅಂಗಡಿಯವರು ಫೋನ್ ತೆಗೆದು 340 ಹಾಕಿದರು. ಬಟನ್ ಹತ್ತಿರ ಹೆಬ್ಬೆರಳು ಹೋಯಿತು, ನಿಂತಿತು. ಒತ್ತದೆ ಆಪ್ ಮುಚ್ಚಿದರು.

"ಯಾಕೆ ಅಣ್ಣ, ಒತ್ತಲಿಲ್ಲ?"

"ಪೂರ್ತಿ ಕೊಟ್ರಲ್ಲ ಮೇಡಂ. ಇನ್ನು ಉಳಿಸೋದೇನಿದೆ?"

ಬಾಕಿ ಉಳಿಸಿ. ಸಾಲ ಬರೆಯುವಾಗ ಅದು ಅವರಿಗೆ ಸರಿಯಾಗಿಯೇ ಇತ್ತು, ಉಳಿಸುತ್ತಿದ್ದರು. ತೀರಿಸಿದಾಗ ಅದನ್ನು ಒತ್ತಿದರೆ ಆ ಹೆಂಗಸಿಗೆ ಮೋಸ. ಎಷ್ಟು ಪ್ರಾಮಾಣಿಕ ಮನುಷ್ಯ ನೋಡಿ. ನಾನು ಹಸಿರು ಬಳಿಯುತ್ತಿದ್ದೆ.

ಪುಸ್ತಕದಲ್ಲಾದರೆ ಏನು ಹೇಳುತ್ತೀರಿ ಅಂತ ಕೇಳಿದೆ. "ಲೆಕ್ಕಕ್ಕೆ ಬರ್ಕೋ ಅಂತೀನಿ ಹುಡುಗನಿಗೆ" ಅಂದರು. ಬಟನ್ನಿಗೆ ಅದನ್ನೇ ಹಾಕೋಣ ಅಂದೆ. ಅದರ ಮೇಲೆ ಆಫೀಸಿನಲ್ಲಿ ಒಂದು ವಾರ ಚರ್ಚೆ: "ಬರೆದುಕೋ" ಅಂದರೆ ಏಕವಚನ, ಅಂಗಡಿಯವರಿಗೆ ಮರ್ಯಾದೆ ಕಡಿಮೆ. ನಾನು, ಅದು ಅಂಗಡಿಯವರು ಆಪ್‌ಗೆ ಹೇಳೋ ಮಾತು, ಆಪ್ ಅವರಿಗೆ ಹೇಳೋದಲ್ಲ ಅಂತ ವಾದಿಸಿದೆ. ಸೋತೆ. "ಲೆಕ್ಕಕ್ಕೆ ಬರೆದುಕೊಳ್ಳಿ" ಅಂತಾಯಿತು. "ಉಳಿಸಿ"ಯ ಸುಮಾರು ಮೂರು ಪಟ್ಟು ಉದ್ದ, ಜೊತೆಗೆ ಮೂರು ಒತ್ತು. ಬಟನ್ ಕಾಂಪೊನೆಂಟ್ ಸರಿಯಾಗಿ ಕಟ್ಟಿದ್ದರಿಂದ ಎಲ್ಲ ಪರದೆಗಳಲ್ಲೂ ಬದಲಾಯಿಸೋಕೆ ಒಂದು ನಿಮಿಷ ಹಿಡಿಯಿತು.

ಮಹಡಿಯ ರೂಮಿನಲ್ಲಿ ಹುಡುಗನಿಗೆ ಈ ಕಥೆಯನ್ನೂ ಹೇಳಿದ್ದೆ. ಹೋದ ತಿಂಗಳು ಮಾವ ಫೋನ್ ಮಾಡಿದರು.

"ಅದೇನಮ್ಮ ಹೇಳ್ಕೊಟ್ಟಿದ್ದೀಯ ಇವನಿಗೆ? ದಿನಾ ಅಂಗಡೀಲಿ ಬಂದು ಮೂಟೆ ಮೇಲೆ ಕೂತ್ಕೊತಾನೆ. ನಾನು ಫೋನ್ ಮುಟ್ಟಿದ್ರೆ ಸಾಕು, ಯಾಕಪ್ಪ ಅದನ್ನ ಒತ್ತಿದ್ರಿ, ಯಾಕೆ ಇದನ್ನ ಒತ್ತಲಿಲ್ಲ ಅಂತ ಬರ್ಕೊತಾನೆ. ಗಿರಾಕಿಗಳು ನಗ್ತಾರೆ. ಸಾಫ್ಟ್‌ವೇರ್ ಹೆಸರು ಒಂದು ಹೇಳಿಬಿಡು ಅಂತ ತಾನೇ ನಾನು ಕೇಳಿದ್ದು?"

"ಫಿಗ್ಮಾ, ಮಾವ" ಅಂದೆ.

"ಅದನ್ನ ಅವತ್ತೇ ಹೇಳೋದಲ್ವಾ?" ಅಂದರು.